ಫ್ರೆಂಚರು ಮೋಸ ಮಾಡಿದರಂತೆ... ಯಾವ ಫ್ರೆಂಚರು?

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದು ಇದು. ಆಫೀಸು, ರಿಲೀಸು, ಮದುವೆ ಮನೆ ಓಡಾಟ ಅಂತ ಮುಂದೂಡುತ್ತಲೇ ಬಂದೆ. ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಡೆದ ಒಂದು ಜಗಳ ತಲೆಯಿಂದ ಇಳಿಯುತ್ತಲೇ ಇಲ್ಲವಾದ್ದರಿಂದ ಇವತ್ತು ಕುಟ್ಟುತ್ತಾ ಕೂತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕ್ಷಮಿಸಿ.

ನಾವು ಐದು ಮಂದಿ ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿದ್ದೆವು. ನಮ್ಮ ಕಡೆ ಹುಟ್ಟಿದವರಿಗೆ ಗಡಾಯಿಕಲ್ಲು ಅಂದರೆ ಬಸ್ಸಿನ ಕಿಟಕಿಯಿಂದ ಕಾಣುವ ಆ ದೈತ್ಯ ಬಂಡೆ, ಹೊರಗಿನವರಿಗೆ ಅದು ಜಮಾಲಾಬಾದ್ ಕೋಟೆ. ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ ಎತ್ತರ. ಹಿಂದೆ ನರಸಿಂಹ ಗಡ ಅಂತ ಹೆಸರಿತ್ತು. 1794ರಲ್ಲಿ ಟಿಪ್ಪು ಇಲ್ಲಿ ಹೊಸದಾಗಿ ಕೋಟೆ ಕಟ್ಟಿಸಿ ತಾಯಿಯ ಹೆಸರಿಟ್ಟ. ಮೆಟ್ಟಿಲು 1,876 ಅಂತ ಹೇಳುತ್ತಾರೆ, ನಾನು ಇನ್ನೂರರ ನಂತರ ಎಣಿಸುವುದು ಬಿಟ್ಟು ಉಸಿರಾಡುವ ಕೆಲಸ ಮಾತ್ರ ಮಾಡಿದೆ :)

ಮೇಲೆ ಹೋಗಿ ಚಕ್ಕುಲಿ ಪೊಟ್ಟಣ ಬಿಚ್ಚಿದ ಮೇಲೆ ಜಗಳ ಶುರು. ಭಾವ (ಅಕ್ಕನ ಗಂಡ, ಬೆಳ್ತಂಗಡಿ ಹತ್ತಿರ ಅಡಿಕೆ ತೋಟ ಇದೆ, ವಾಟ್ಸಾಪಿನಲ್ಲಿ ಇತಿಹಾಸ ಓದುತ್ತಾರೆ) ಹೇಳಿದರು, "ಆ ಫ್ರೆಂಚರು ಮಂಗಳೂರಿನಲ್ಲಿ ಮೋಸ ಮಾಡದಿದ್ರೆ ಇಂಗ್ಲಿಷರ ಕತೆ ಇಲ್ಲಿಯೇ ಮುಗೀತಿತ್ತು ಮಾರಾಯ." ತಮ್ಮ ಬಿಡುತ್ತಾನಾ? "ಒಳ್ಳೇದಾಯ್ತು ಮೋಸ ಮಾಡಿದ್ದು. ಇಲ್ಲದಿದ್ರೆ ನಾವೆಲ್ಲ ಇಲ್ಲಿ ಫ್ರೆಂಚ್ ಮಾತಾಡ್ತಾ ಇರ್ತಿದ್ದೆವು" ಅಂದ. ಆಮೇಲೆ ಟಿಪ್ಪು ಜಯಂತಿ, ಪಠ್ಯಪುಸ್ತಕ, ಸಿನಿಮಾ... ನಿಮಗೆ ಗೊತ್ತೇ ಇದೆ ಆ ಜಗಳ ಎಲ್ಲೆಲ್ಲಿ ಹೋಗುತ್ತದೆ ಅಂತ. ನಾನು ಮಧ್ಯೆ ಬಾಯಿ ಹಾಕಿ "ಯಾವ ಫ್ರೆಂಚರು?" ಅಂದೆ. ಎಲ್ಲರೂ ನಕ್ಕರು. "ಫ್ರೆಂಚರು ಅಂದ್ರೆ ಫ್ರೆಂಚರು, ಅದರಲ್ಲಿ ಯಾವುದು ಅಂತ ಎಂತ ಉಂಟು?"

ನಮ್ಮ ಜೊತೆ ಮೂಡುಬಿದಿರೆಯಲ್ಲಿ ನನ್ನೊಟ್ಟಿಗೆ ಎಂಜಿನಿಯರಿಂಗ್ ಓದಿದವನೊಬ್ಬ ಇದ್ದ. ಬಂಟ್ವಾಳದ ಅಗ್ರಾರ್ ಕಡೆಯ ಕ್ರೈಸ್ತರ ಹುಡುಗ. ಅಷ್ಟು ಹೊತ್ತೂ ಸುಮ್ಮನಿದ್ದವನು ಒಂದೇ ಮಾತು ಕೇಳಿದ: "ಫ್ರೆಂಚರು ಹೋದ್ರು, ಇಂಗ್ಲಿಷರು ಹೋದ್ರು. ನಮ್ಮ ಅಜ್ಜಂದಿರು ಶ್ರೀರಂಗಪಟ್ಟಣಕ್ಕೆ ನಡ್ಕೊಂಡು ಹೋದದ್ದು ಯಾರ ಲೆಕ್ಕದಲ್ಲಿ ಬರ್ತದೆ?"

ಯಾರೂ ಮಾತಾಡಲಿಲ್ಲ. ಇಳಿಯುವಾಗ ದಾರಿಯುದ್ದಕ್ಕೂ ಹವಾಮಾನದ ಬಗ್ಗೆ ಮಾತಾಡಿದೆವು.

ನನ್ನ ತಕರಾರು ಇಷ್ಟೇ. "ಫ್ರೆಂಚರು ಮೋಸ ಮಾಡಿದರು" ಎನ್ನುವುದು ಸೋಮಾರಿ ಇತಿಹಾಸ. ಟಿಪ್ಪುವನ್ನು ಹೊಗಳುವವರಿಗೂ ಅದು ಬೇಕು, ತೆಗಳುವವರಿಗೂ ಅದು ಬೇಕು. ಇಬ್ಬರಿಗೂ ಬೇಡವಾದದ್ದು ಒಂದೇ ಪ್ರಶ್ನೆ: ನಿರ್ಧಾರ ಯಾರು ಮಾಡಿದ್ದು, ಎಲ್ಲಿ ಕೂತು ಮಾಡಿದ್ದು?

ಮೊದಲು ನಡೆದದ್ದೇನು ಅಂತ ನೋಡೋಣ. 1782ರ ಡಿಸೆಂಬರ್ 7ಕ್ಕೆ ಹೈದರ್ ತೀರಿಕೊಂಡ. ಆತ ಕೊನೆಯವರೆಗೂ ಕಾಯುತ್ತಿದ್ದುದು ಫ್ರಾನ್ಸಿನಿಂದ ಬರಬೇಕಾಗಿದ್ದ ಬುಸ್ಸಿಯ ಸೈನ್ಯವನ್ನು. ಬುಸ್ಸಿ ಅಂದರೆ ಮೂವತ್ತು ವರ್ಷ ಹಿಂದೆ ಹೈದರಾಬಾದಿನ ನಿಜಾಮನ ಆಸ್ಥಾನವನ್ನೇ ಬೆರಳ ತುದಿಯಲ್ಲಿ ಕುಣಿಸಿದವನು. ಆದರೆ 1783ರ ಮಾರ್ಚಿನಲ್ಲಿ ತಮಿಳು ಕರಾವಳಿಯ ಪರಂಗಿಪೇಟೆಯಲ್ಲಿ ಇಳಿದದ್ದು ಆ ಹಳೆಯ ಬುಸ್ಸಿಯಲ್ಲ, ಅರವತ್ತು ದಾಟಿದ, ಗೌಟ್ ಹಿಡಿದು ಓಡಾಡಲಿಕ್ಕೂ ಕಷ್ಟಪಡುತ್ತಿದ್ದ ಮುದುಕ. ಆ ಹೊತ್ತಿಗೆ ಟಿಪ್ಪು ಪೂರ್ವ ಕರಾವಳಿ ಬಿಟ್ಟು ನಮ್ಮ ಕಡೆ ಹೊರಟಾಗಿತ್ತು. ಯಾಕೆಂದರೆ ಬಿದನೂರು ಮತ್ತು ಮಂಗಳೂರು ಎರಡೂ ಇಂಗ್ಲಿಷರ ಬೊಂಬಾಯಿ ಸೈನ್ಯದ ಕೈಗೆ ಹೋಗಿದ್ದವು.

ಟಿಪ್ಪು ಬಿದನೂರನ್ನು ವಾಪಸು ತೆಗೆದುಕೊಂಡ, ಘಟ್ಟ ಇಳಿದ, 1783ರ ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್. ಹೊರಗೆ ಮೈಸೂರು ಸೈನ್ಯ, ಜೊತೆಗೆ ಕಾಸಿನ್ಯಿ ಎಂಬ ಅಧಿಕಾರಿಯ ಕೈಕೆಳಗೆ ಫ್ರೆಂಚ್ ತುಕಡಿ. ಮುತ್ತಿಗೆ ಕೆಲಸದಲ್ಲಿ ಫ್ರೆಂಚರು ಆ ಕಾಲದ ಪರಿಣತರು. ಎಲ್ಲಿ ಕಂದಕ ತೋಡಬೇಕು, ಯಾವ ಗೋಡೆಗೆ ಎಲ್ಲಿಂದ ಗುಂಡು ಹೊಡೆಯಬೇಕು ಅಂತ ಲೆಕ್ಕ ಹಾಕಿ ಹೇಳುವವರು ಅವರು. ಮಂಗಳೂರಿನ ಜೂನ್, ಜುಲೈ ಮಳೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಂದಕ ತೋಡಿದ ಕೂಡಲೇ ಅದು ಕೆರೆ! ಆ ಕೆಸರಿನಲ್ಲಿ ನಿಂತು ಅವರು ಕೆಲಸ ಮಾಡುತ್ತಿದ್ದರು.

ಇನ್ನೇನು ಕೋಟೆ ಬೀಳುತ್ತದೆ ಅನ್ನುವಾಗ ಸುದ್ದಿ ಬಂತು: ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ರಾಜಿಯಾಗಿವೆ. ಪ್ರಾಥಮಿಕ ಒಪ್ಪಂದಕ್ಕೆ ಸಹಿ ಬಿದ್ದದ್ದು 1783ರ ಜನವರಿ 20ಕ್ಕೆ! ಗಮನಿಸಿ, ಮಂಗಳೂರಿನ ಮುತ್ತಿಗೆ ಶುರುವಾಗುವ ನಾಲ್ಕು ತಿಂಗಳ ಮೊದಲೇ. ಬುಸ್ಸಿ ಕಡಲೂರಿನಲ್ಲಿ ಇಂಗ್ಲಿಷರ ಜೊತೆ ದೊಡ್ಡ ಕಾಳಗ ಮಾಡಿದ್ದು ಜೂನ್ 13ಕ್ಕೆ. ಅಂದರೆ ಯುದ್ಧ ಮುಗಿದು ಐದು ತಿಂಗಳಾದ ಮೇಲೆ ಎರಡೂ ಕಡೆ ನೂರಾರು ಜನ ಸತ್ತರು, ಬರೀ ಕಾಗದ ತಲುಪದ ಕಾರಣಕ್ಕೆ. ಸುದ್ದಿ ಕಡಲೂರು ಮುಟ್ಟಿದ್ದು ಜೂನ್ ಕೊನೆಗೆ. ಬುಸ್ಸಿ ಕದನ ನಿಲ್ಲಿಸಿದ, ಕಾಸಿನ್ಯಿಗೆ ಆದೇಶ ಕಳಿಸಿದ, ಕಾಸಿನ್ಯಿ ಮಂಗಳೂರಿನಲ್ಲಿ ಹಾರೆ ಪಿಕಾಸಿ ಕೆಳಗಿಟ್ಟ. ಟಿಪ್ಪು ಕೆಂಡಾಮಂಡಲ. ಬೇರೆ ದಾರಿಯಿಲ್ಲದೆ ಆಗಸ್ಟ್ 2ಕ್ಕೆ, ಆಟಿ ತಿಂಗಳ ಮಳೆಯಲ್ಲಿ, ಕದನವಿರಾಮ. ಆಮೇಲೆ ಒಳಗಿದ್ದವರನ್ನು ಹಸಿವು ಸೋಲಿಸಿತು. 1784ರ ಜನವರಿ 30ಕ್ಕೆ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ.

ಇದರಲ್ಲಿ ಮೋಸಗಾರ ಯಾರು? ಕಾಸಿನ್ಯಿಯೇ? ಆತ ಸೈನಿಕ, ಮೇಲಿನಿಂದ ಬಂದ ಆದೇಶ ಪಾಲಿಸಿದ. ಬುಸ್ಸಿಯೇ? ಅವನಿಗೂ ಆದೇಶ ಬಂದದ್ದೇ.

ಇಲ್ಲಿ ನನ್ನ ಕತೆ ಸ್ವಲ್ಪ ಹೇಳಬೇಕು. ಎರಡು ವರ್ಷ ಹಿಂದೆ ನಮ್ಮ ತಂಡ ಒಂದು ವಿದೇಶಿ ಗ್ರಾಹಕರಿಗೆ ಒಂದೂವರೆ ವರ್ಷ ಕೂತು ಒಂದು ಸಾಫ್ಟ್‌ವೇರ್ ಬರೆದಿತ್ತು. ರಿಲೀಸಿಗೆ ಮೂರು ವಾರ ಇದೆ ಅನ್ನುವಾಗ ರಾತ್ರಿ ಹನ್ನೊಂದಕ್ಕೆ ಆನ್‌ಸೈಟ್ ಕೋಆರ್ಡಿನೇಟರ್ ಫೋನ್ ಮಾಡಿದ, "ನಾಳೆಯಿಂದ ಯಾರೂ ಕೋಡ್ ಚೆಕ್-ಇನ್ ಮಾಡಬೇಡಿ." ಅಲ್ಲಿ ಎರಡು ಕಂಪೆನಿಗಳು ಒಂದಾಗಿದ್ದವು, ನಾವು ಬರೆದದ್ದು ಯಾರಿಗೂ ಬೇಡವಾಗಿತ್ತು. ನಮ್ಮಲ್ಲಿ ಎಲ್ಲರೂ ಬೈದದ್ದು ಯಾರಿಗೆ? ಆ ಕೋಆರ್ಡಿನೇಟರಿಗೆ. "ಅವನೇ ಮಾಡಿದ್ದು, ಅವನಿಗೆ ಮೊದಲೇ ಗೊತ್ತಿತ್ತು" ಅಂತ. ನಾನೂ ಬೈದೆ. ಪಾಪ, ಅವನಿಗೂ ನಮಗಿಂತ ಅರ್ಧ ಗಂಟೆ ಮೊದಲಷ್ಟೇ ಗೊತ್ತಾಗಿದ್ದು. ಕಾಸಿನ್ಯಿಯ ಬಗ್ಗೆ ಓದುವಾಗ ನನಗೆ ನೆನಪಾದದ್ದು ಆ ಫೋನ್ ಕಾಲ್.

ಹಾಗಾದರೆ ಮೇಲೆ ಕೂತಿದ್ದವರು ಯಾರು? 1780ರಿಂದ 1787ರವರೆಗೆ ಫ್ರಾನ್ಸಿನ ಯುದ್ಧ ಮಂತ್ರಿ ಸೆಗ್ಯೂರ್. ಲೌಫೆಲ್ಡ್ ಎಂಬ ಕದನದಲ್ಲಿ ಒಂದು ತೋಳು ಕಳೆದುಕೊಂಡವನು, ಅಂದರೆ ಯುದ್ಧ ಅಂದರೇನು ಅಂತ ಮೈಯಲ್ಲೇ ಬರೆದುಕೊಂಡಿದ್ದವನು. ಆದರೆ ಇವತ್ತು ಚರಿತ್ರೆಯಲ್ಲಿ ಅವನ ಹೆಸರು ಉಳಿದಿರುವುದು 1781ರ ಒಂದು ಆದೇಶದಿಂದ: ನಾಲ್ಕು ತಲೆಮಾರಿನ ಕುಲೀನತೆ ತೋರಿಸದವನು ನೇರವಾಗಿ ಸೈನ್ಯದ ಅಧಿಕಾರಿಯಾಗುವಂತಿಲ್ಲ! ಸಾಮರ್ಥ್ಯ ಅಲ್ಲ, ಅಜ್ಜನ ಅಜ್ಜ ಯಾರು ಅಂತ ಕೇಳುವುದು. ಎಂಟು ವರ್ಷದಲ್ಲಿ ಕ್ರಾಂತಿ ಆದಾಗ ಎಷ್ಟು ಮಂದಿ ಸಾಮಾನ್ಯ ಸೈನಿಕರು ಆ ಅಧಿಕಾರಿಗಳ ಮೇಲೆ ಹಲ್ಲು ಕಡಿದಿರಬಹುದು ಊಹಿಸಿ.

ಆದರೆ ತಮಾಷೆ ಇದಲ್ಲ. ತಮಾಷೆಯೆಂದರೆ ಭಾರತ ಸೆಗ್ಯೂರನ ಖಾತೆಯೇ ಅಲ್ಲ! ವಸಾಹತುಗಳೆಲ್ಲ ನೌಕಾ ಮಂತ್ರಿಯ ಕೆಳಗೆ. ಆಗಿನ ನೌಕಾ ಮಂತ್ರಿ ಕಾಸ್ತ್ರಿ. ರೆಜಿಮೆಂಟು ಬೇಕಾದರೆ ಯುದ್ಧ ಇಲಾಖೆ, ಹಡಗು ಬೇಕಾದರೆ ನೌಕಾ ಇಲಾಖೆ, ಶಾಂತಿ ಮಾಡುವುದು ವಿದೇಶಾಂಗದ ವೆರ್ಜೆನ್, ದುಡ್ಡು ಬೇಕಾದರೆ ಹಣಕಾಸು ಇಲಾಖೆಯ ಬಾಗಿಲು. ನಾಲ್ಕು ಕಚೇರಿ, ನಾಲ್ಕು ಮುದ್ರೆ. ನಮ್ಮ ಊರಲ್ಲಿ ಒಂದು ಜಾಗದ ಕನ್ವರ್ಶನ್‌ಗೆ ಅಲೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಟಿಪ್ಪು "ಫ್ರೆಂಚ್ ದೊರೆ" ಅಂತ ಒಬ್ಬನಿದ್ದಾನೆ, ಅವನಿಗೆ ಹೇಳಿದರೆ ಆಗುತ್ತದೆ ಅಂದುಕೊಂಡಿದ್ದ. ಅವನ ಅರಮನೆಯಲ್ಲಿ ಹಾಗೇ ನಡೆಯುತ್ತಿತ್ತಲ್ಲ.

ಇದು ಹೊಸ ರೋಗವೂ ಅಲ್ಲ. ಫ್ರಾನ್ಸಿಗಾಗಿ ಭಾರತದಲ್ಲಿ ಹೋರಾಡಿದವರ ಗತಿ ನೋಡಿ. ಮದರಾಸನ್ನು ಗೆದ್ದುಕೊಟ್ಟ ಲಾ ಬೋರ್ಡೊನೆ ಬಾಸ್ತೀಲ್ ಜೈಲಿನಲ್ಲಿ ಕೊಳೆತ. ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದ ಡೂಪ್ಲೆಯನ್ನು 1754ರಲ್ಲಿ ವಾಪಸು ಕರೆಸಿಕೊಂಡರು, ಕಂಪೆನಿಯಿಂದ ತನಗೆ ಬರಬೇಕಾದ ಹಣ ಕೇಳುತ್ತಾ ಕೇಳುತ್ತಾ 1763ರಲ್ಲಿ ಬಡವನಾಗಿ ಸತ್ತ. ವಾಂಡಿವಾಶ್‌ನಲ್ಲಿ 1760ರ ಜನವರಿಯಲ್ಲಿ ಸೋತ ಲ್ಯಾಲಿಯ ಕತೆ ಎಲ್ಲಕ್ಕಿಂತ ಘೋರ. ಹಡಗಿಲ್ಲ, ದುಡ್ಡಿಲ್ಲ, ಸೈನಿಕರಿಗೆ ಸಂಬಳವಿಲ್ಲ. ಆದರೂ ಪಾಂಡಿಚೇರಿಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಕೊನೆಗೆ 1761ರ ಜನವರಿ 16ಕ್ಕೆ ಬಿಟ್ಟುಕೊಟ್ಟ. ಒರಟ, ಕೋಪಿಷ್ಠ, ಇಲ್ಲಿನ ಜನರ ಜಾತಿ ಆಚಾರ ಅಂದರೆ ಕಾಲ ಕಸ ಅವನಿಗೆ, ಒಳ್ಳೆಯ ಮನುಷ್ಯ ಅಂತ ನಾನು ಹೇಳುವುದಿಲ್ಲ. ಆದರೆ ದ್ರೋಹಿ ಅಲ್ಲ. ಅವನನ್ನು ದ್ರೋಹಿ ಅಂತ ತೀರ್ಪು ಕೊಟ್ಟು 1766ರ ಮೇ 9ಕ್ಕೆ ಪ್ಯಾರಿಸಿನಲ್ಲಿ, ಮಾತಾಡದಂತೆ ಬಾಯಿಗೆ ಬಿಗಿದು, ತಲೆ ಕಡಿದರು. ವಾಲ್ಟೇರ್ ಅಂಥವನು ಅವನ ಪರ ಬರೆದ, ಹನ್ನೆರಡು ವರ್ಷ ಆದ ಮೇಲೆ ತೀರ್ಪು ರದ್ದಾಯಿತು. ರದ್ದಾದರೆ ತಲೆ ವಾಪಸು ಬರುತ್ತದಾ?

ಅವನಿಗೆ ಸಹಾಯ ಕಳಿಸದೆ ಕೂತಿದ್ದ ಮಂತ್ರಿಗಳಲ್ಲಿ ಯಾರ ತಲೆ ಹೋಯಿತು? ಯಾರದ್ದೂ ಇಲ್ಲ. ಆಗಿನ ಯುದ್ಧ ಮಂತ್ರಿ ಬೆಲ್-ಈಲ್ ಪಾಂಡಿಚೇರಿ ಬಿದ್ದ ಹತ್ತೇ ದಿನಕ್ಕೆ, ಆ ಸುದ್ದಿ ತಲುಪುವ ಮೊದಲೇ, ಅಧಿಕಾರದಲ್ಲಿದ್ದುಕೊಂಡೇ ವಯಸ್ಸಾಗಿ ತೀರಿಕೊಂಡ. ಅವನ ನಂತರ ಬಂದ ಷ್ವಾಸೆಲ್ ಯುದ್ಧ ಖಾತೆಯನ್ನು ಒಂಬತ್ತು ವರ್ಷ ಆಳಿದ. ಸೋಲಿಗೆ ಒಬ್ಬ ದ್ರೋಹಿಯ ತಲೆ ಸಿಕ್ಕಿಬಿಟ್ಟರೆ ಇಲಾಖೆಯ ಕಡತ ತೆರೆಯುವ ಅಗತ್ಯ ಬೀಳುವುದಿಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ? ಶ್ರೀರಂಗಪಟ್ಟಣ ಬಿದ್ದದ್ದು ಯಾಕೆ ಅಂತ ಕೇಳಿದರೆ "ಮೀರ್ ಸಾದಿಕ್" ಅಂತ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತೇವೆ. ಟಿಪ್ಪುವಿಗೆ ನೆರೆಹೊರೆಯಲ್ಲಿ ಒಬ್ಬನೂ ಸ್ನೇಹಿತ ಉಳಿದಿರಲಿಲ್ಲ, ನಿಜಾಮ, ಮರಾಠ, ಕೊಡಗು ಎಲ್ಲರನ್ನೂ ಎದುರು ಹಾಕಿಕೊಂಡಿದ್ದ ಅನ್ನುವುದನ್ನು ಮಾತಾಡಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಮಂಗಳೂರಿನ ಪಾಠದಿಂದ ಟಿಪ್ಪು ಕಲಿತದ್ದೇನು? ನೇರವಾಗಿ ದೊಡ್ಡವರ ಹತ್ತಿರವೇ ಹೋಗಬೇಕು ಅಂತ! ಮೂವರು ರಾಯಭಾರಿಗಳು 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ 1788ರ ಜೂನಿನಲ್ಲಿ ಫ್ರಾನ್ಸಿನ ತುಲೋನ್‌ನಲ್ಲಿ ಇಳಿದರು. ಪ್ಯಾರಿಸಿನ ಜನ ಇವರನ್ನು ನೋಡಲಿಕ್ಕೆ ಜಾತ್ರೆಯಂತೆ ಸೇರಿದರು. ಹೆಸರಾಂತ ಕಲಾವಿದೆ ವಿಜೆ ಲೆಬ್ರನ್ ಅವರಲ್ಲೊಬ್ಬರಾದ ದರ್ವೇಶ್ ಖಾನ್ ಅವರ ದೊಡ್ಡ ಚಿತ್ರ ಬರೆದಳು. ಆಗಸ್ಟ್ 10ಕ್ಕೆ ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯ ದರ್ಶನ. ಈಗ ತಾರೀಖು ನೋಡಿ. ಎರಡು ದಿನ ಮೊದಲು, ಆಗಸ್ಟ್ 8ಕ್ಕೆ, ಖಜಾನೆ ಬರಿದಾಗಿ ದೊರೆ ಮಹಾಸಭೆ ಕರೆಯುವುದಾಗಿ ಘೋಷಿಸಿದ್ದ. ಆರು ದಿನ ಕಳೆದು, ಆಗಸ್ಟ್ 16ಕ್ಕೆ, ಸರ್ಕಾರ ತನ್ನ ಸಾಲಗಾರರಿಗೆ ನಗದು ಕೊಡುವುದನ್ನೇ ನಿಲ್ಲಿಸಿತು. ದಿವಾಳಿಯಾದ ಅಂಗಡಿಯ ಎದುರು ನಿಂತು ಸೈನ್ಯ ಸಾಲ ಕೇಳಿದ ಹಾಗಾಯಿತು. ಮಂಗಳೂರಿನ ಕಾಲದ ಸೆಗ್ಯೂರ್, ಕಾಸ್ತ್ರಿ ಇಬ್ಬರೂ ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟು ಹೋಗಿದ್ದರು. ಈಗಿನ ಯುದ್ಧ ಮಂತ್ರಿ ಯಾರು ಗೊತ್ತಾ? ಮುಖ್ಯಮಂತ್ರಿ ಬ್ರಿಯೆನ್‌ನ ಸ್ವಂತ ತಮ್ಮ! (ಇದನ್ನು ಓದಿ ನನಗಂತೂ ಊರಿನ ನೆನಪಾಯಿತು, ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ :)) ರಾಯಭಾರಿಗಳು ಸೇವ್ರ್ ಪಿಂಗಾಣಿ ಹಿಡಿದುಕೊಂಡು ವಾಪಸು ಬಂದರು.

ಮುಂದೆ ಕ್ರಾಂತಿ. 1792ರ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ ಬರೆದುಕೊಟ್ಟು, ಎರಡು ಮಕ್ಕಳನ್ನು ಒತ್ತೆ ಇಟ್ಟ. ಅದೇ ಮಾರ್ಚಿನಲ್ಲಿ ಪ್ಯಾರಿಸಿನಲ್ಲಿ ಯುದ್ಧ ಮಂತ್ರಿ ನಾರ್ಬೋನ್ ಮನೆಗೆ ಹೋದ. ಅಲ್ಲಿಂದ ವರ್ಷಾಂತ್ಯದೊಳಗೆ ಆ ಕುರ್ಚಿಯಲ್ಲಿ ಯಾರ್‍ಯಾರು ಕೂತರು ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇನೆ: ದ ಗ್ರಾವ್, ಸೆರ್ವಾಂ, ಡ್ಯುಮೊರಿಯೆ (ಇವನು ಒಂದು ವಾರವೂ ಇರಲಿಲ್ಲ), ಲಾಜಾರ್, ದಾಬಾಂಕೂರ್, ಪುನಃ ಸೆರ್ವಾಂ, ಸ್ವಲ್ಪ ದಿನಕ್ಕೆ ಲೆಬ್ರನ್, ಕೊನೆಗೆ ಪಾಶ್. ದಾಬಾಂಕೂರ್‌ನನ್ನು ಸೆಪ್ಟೆಂಬರಿನಲ್ಲಿ ವರ್ಸೈಲ್ಸ್ ಬೀದಿಯಲ್ಲಿ ಜನ ಕೊಂದುಹಾಕಿದರು. ಮರುವರ್ಷದ ಯುದ್ಧ ಮಂತ್ರಿ ಬರ್ನೋನ್‌ವಿಲ್, ಸೇನಾಪತಿಯಾಗಿದ್ದ ಆ ಡ್ಯುಮೊರಿಯೆಯನ್ನು ಬಂಧಿಸಲಿಕ್ಕೆ ಹೋದರೆ, ಡ್ಯುಮೊರಿಯೆಯೇ ಮಂತ್ರಿಯನ್ನು ಹಿಡಿದು ಶತ್ರುಗಳಾದ ಆಸ್ಟ್ರಿಯನ್ನರಿಗೆ ಒಪ್ಪಿಸಿ ತಾನೂ ಆ ಕಡೆ ಓಡಿಹೋದ! 1794ರಲ್ಲಿ ಮಂತ್ರಿ ಹುದ್ದೆಯನ್ನೇ ಕಿತ್ತು ಹಾಕಿದರು. ಅದೇ 1794ರಲ್ಲಿ ಇಲ್ಲಿ ಟಿಪ್ಪು ಗಡಾಯಿಕಲ್ಲಿನ ಮೇಲೆ ಕಲ್ಲು ಏರಿಸುತ್ತಿದ್ದ. ಇಂಥ ಮನೆಯನ್ನು ನಂಬಿಕೊಂಡು ಇಂಗ್ಲಿಷರನ್ನು ಓಡಿಸುತ್ತೇನೆ ಅಂತ ಹೊರಟವರಿಗೆ ಏನು ಹೇಳೋಣ.

ಕೊನೆಯ ಅಂಕವೂ ನಮ್ಮ ಮಂಗಳೂರಿನಲ್ಲೇ. ಟಿಪ್ಪು ಗುಟ್ಟಾಗಿ ಮಾರಿಷಸ್ ದ್ವೀಪಕ್ಕೆ ದೂತರನ್ನು ಕಳಿಸಿದ. ಅಲ್ಲಿನ ಗವರ್ನರ್ ಮಾಲಾರ್ತಿಕ್ 1798ರ ಜನವರಿ 30ಕ್ಕೆ ಊರಿಡೀ ಪ್ರಕಟಣೆ ಹೊರಡಿಸಿದ: ಟಿಪ್ಪು ಸುಲ್ತಾನರು ಇಂಗ್ಲಿಷರ ಮೇಲೆ ಯುದ್ಧಕ್ಕೆ ನಮ್ಮ ಸಹಾಯ ಕೇಳಿದ್ದಾರೆ, ಬರುವವರು ಹೆಸರು ಕೊಡಿ! ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಗುಟ್ಟಿನ ಮೇಲ್‌ಗೆ ರಿಪ್ಲೈ ಆಲ್ ಒತ್ತಿದ. ಆ ಪ್ರಕಟಣೆ ಕಲ್ಕತ್ತದ ಪತ್ರಿಕೆಯಲ್ಲೂ ಬಂತು, ವೆಲ್ಲೆಸ್ಲಿಗೆ ಯುದ್ಧಕ್ಕೆ ಕಾರಣ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. ಏಪ್ರಿಲಿನಲ್ಲಿ ಮಂಗಳೂರಿಗೆ ಹಡಗು ಬಂತು. ಸಾವಿರಾರು ಸೈನಿಕರನ್ನು ಕಾಯುತ್ತಿದ್ದವನಿಗೆ ಇಳಿದು ಬಂದವರು ಸುಮಾರು ನೂರು ಜನ. ನೂರು! ನಮ್ಮಲ್ಲಿ ಒಂದು ಸಾಧಾರಣ ಮೆಹೆಂದಿಗೆ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ನೆಪೋಲಿಯನ್ ಕೈರೋದಿಂದ 1799ರ ಜನವರಿಯಲ್ಲಿ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು, ಟಿಪ್ಪು ಅದನ್ನು ನೋಡಲೇ ಇಲ್ಲ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ದಿನ ಫ್ರಾನ್ಸಿನ ಯುದ್ಧ ಮಂತ್ರಿ ಮಿಲೆ-ಮ್ಯುರೋ. ಇವನು ಸೈನ್ಯದ ಎಂಜಿನಿಯರ್, ಲಾ ಪೆರೂಸ್ ಎಂಬ ನಾವಿಕನ ಸಮುದ್ರಯಾನದ ಪುಸ್ತಕ ಸಂಪಾದಿಸಿ ಹೆಸರು ಮಾಡಿದವನು. ಶ್ರೀರಂಗಪಟ್ಟಣದ ಸುದ್ದಿ ಅಷ್ಟು ದೂರ ಹೋಗಿ ಮುಟ್ಟುವಷ್ಟರಲ್ಲಿ ಅವನೂ ಕುರ್ಚಿ ಬಿಟ್ಟಾಗಿತ್ತು.

ಈಗ ನನ್ನ ಅಗ್ರಾರಿನ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟುದ್ದ ಬರೆದದ್ದೇ ಅದಕ್ಕೆ.

ಮಂಗಳೂರು ಕೋಟೆ ಖಾಲಿಯಾದದ್ದು 1784ರ ಜನವರಿ 30ಕ್ಕೆ ಅಂದೆನಲ್ಲ. ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಸುತ್ತುವರಿದು ಹಿಡಿದರು. ಮುದುಕರು, ಬಸುರಿಯರು, ಮಕ್ಕಳು ಅಂತ ನೋಡದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಸಾವಿರ ಅನ್ನುವುದರಲ್ಲಿ ಲೆಕ್ಕಗಳು ಬೇರೆ ಬೇರೆ ಇವೆ, ಆ ಲೆಕ್ಕದ ಜಗಳ ಮಾಡಿಕೊಂಡು ಮನುಷ್ಯರನ್ನು ಮರೆಯುವುದು ನನಗೆ ಬೇಡ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ಬದುಕಿದವರು ಹದಿನೈದು ವರ್ಷ ಕಳೆದು, 1799ರಲ್ಲಿ ಊರಿಗೆ ಮರಳಿದರು. ಇಂಗ್ಲಿಷರಿಗೆ ಕೆಲವರು ಸಹಾಯ ಮಾಡಿಯೇ ಇದ್ದರು ಅಂತಿಟ್ಟುಕೊಳ್ಳಿ. ಎಂಟು ತಿಂಗಳ ಮಗು ಯಾವ ಇಂಗ್ಲಿಷನಿಗೆ ಸಹಾಯ ಮಾಡಿತ್ತು? ಭಾವನವರೇ, ಟಿಪ್ಪು ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತದ್ದು ನಿಜ. ಇದೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲಿಕ್ಕೆ ಬರುವುದಿಲ್ಲ. ತಮ್ಮಾ, ನೀನೂ ಕೇಳು: ಈ ಜನರ ನೋವನ್ನು ವರ್ಷಕ್ಕೊಂದು ಸಲ ಜಯಂತಿ ಜಗಳಕ್ಕೆ ಮಾತ್ರ ಹೊರತೆಗೆದು, ಉಳಿದ ದಿನ ಅವರ ಇಗರ್ಜಿಗೆ ಕಲ್ಲು ಬಿದ್ದರೆ ಸುಮ್ಮನಿರುವವರ ಸಾಲಿನಲ್ಲಿ ನೀನು ನಿಲ್ಲಬೇಡ.

ಮತ್ತೊಂದು ಸಂಗತಿ. ಆಗ ಕೆನರಾದಲ್ಲಿ 27 ಇಗರ್ಜಿಗಳು ನೆಲಸಮವಾದವು, ಮೂಡುಬಿದಿರೆಯ ಹೊಸ್ಪೆಟ್ ಹೋಲಿ ಕ್ರಾಸ್ ಇಗರ್ಜಿ ಒಂದು ಉಳಿಯಿತು ಅಂತ ಕ್ರೈಸ್ತರ ಚರಿತ್ರೆಯಲ್ಲಿ ಬರೆದುಕೊಂಡು ಬಂದಿದ್ದಾರೆ. ಉಳಿಸಿದ್ದು ಯಾರು? ಮೂಡುಬಿದಿರೆಯ ಚೌಟ ಅರಸ, ಜೈನ. ಆಗ ಚೌಟರ ಹತ್ತಿರ ಏನಿತ್ತು? ಹಿಂದಿನ ವೈಭವ ಹೋಗಿತ್ತು, ಸೈನ್ಯ ಅಂತ ಹೇಳುವಂಥದ್ದು ಏನೂ ಇಲ್ಲ, ಟಿಪ್ಪು ಮನಸ್ಸು ಮಾಡಿದರೆ ಅರಮನೆ ಒಂದು ದಿನದ ಕೆಲಸ. ಆದರೂ ಆ ಮನುಷ್ಯ ಪಕ್ಕದ ಇಗರ್ಜಿಗಾಗಿ ಮಾತಾಡಿದ. ನಾಲ್ಕು ವರ್ಷ ಮೂಡುಬಿದಿರೆಯಲ್ಲಿ ಓದಿದ ನನಗೆ ಇದು ಗೊತ್ತೇ ಇರಲಿಲ್ಲ! ಸಾವಿರ ಕಂಬದ ಬಸದಿ ತೋರಿಸಲಿಕ್ಕೆ ಊರಿನಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗಿದ್ದೇನೆ, ಹೊಸ್ಪೆಟ್‌ಗೆ ಒಬ್ಬರನ್ನೂ ಕರೆದುಕೊಂಡು ಹೋಗಿಲ್ಲ. ನಾವು ಓದಿದ ಚರಿತ್ರೆಯಲ್ಲಿ ಡೂಪ್ಲೆ ಇದ್ದ, ಲ್ಯಾಲಿ ಇದ್ದ, ಚೌಟ ಇರಲಿಲ್ಲ.

ಹಾಗಂತ ಕೆಸರಿನಲ್ಲಿ ನಿಂತು ಬಂದವನು ಮಂತ್ರಿಯಾದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಫ್ರಾನ್ಸಿನದ್ದೇ ಉದಾಹರಣೆ, ಮಾಜಿನೋ. 1914ರಲ್ಲಿ ಸಂಸದನಾಗಿದ್ದುಕೊಂಡು ಸಾಮಾನ್ಯ ಸೈನಿಕನಾಗಿ ಸೇರಿ, ವರ್ಡನ್ ಬಳಿ ಕಾಲಿಗೆ ಗಾಯ ಮಾಡಿಕೊಂಡು, ಜೀವನವಿಡೀ ಕುಂಟಿದವನು. ಯುದ್ಧ ಮಂತ್ರಿಯಾದಾಗ ತನ್ನ ಹಾಗೆ ಇನ್ನೊಬ್ಬ ಹುಡುಗ ಸಾಯಬಾರದು ಅಂತ ಗಡಿಯಲ್ಲಿ ಕಾಂಕ್ರೀಟ್ ಗೋಡೆಗೆ ಹಣ ಮಂಜೂರು ಮಾಡಿಸಿದ. 1932ರಲ್ಲಿ ತೀರಿಕೊಂಡ. 1940ರಲ್ಲಿ ಜರ್ಮನ್ನರು ಗೋಡೆಯನ್ನು ಬಳಸಿಕೊಂಡು ಪಕ್ಕದ ಕಾಡಿನಿಂದ ಬಂದರು. ಅಂದರೆ ಉದ್ದೇಶ ಒಳ್ಳೆಯದಿದ್ದರೆ ಸಾಲದು.

ನಮ್ಮ ಹತ್ತಿರದ್ದೇ ಬೇಕಾದರೆ ಕೊಡಗಿನ ಜನರಲ್ ತಿಮ್ಮಯ್ಯ. ಭೂಸೇನೆಯ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಏಗಲಾಗದೆ 1959ರ ಆಗಸ್ಟ್ 31ಕ್ಕೆ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿ ವಾಪಸು ತೆಗೆಸಿದರು, ಆಮೇಲೆ ಸಂಸತ್ತಿನಲ್ಲಿ ತಿಮ್ಮಯ್ಯನವರದ್ದೇ ತಪ್ಪು ಅನ್ನುವ ಹಾಗೆ ಮಾತಾಡಿದರು. 1962ರಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ವ್ಯತ್ಯಾಸ ಒಂದೇ, ಇಲ್ಲಿ ಕೊನೆಗೆ ಮಂತ್ರಿಯ ಕುರ್ಚಿಯೂ ಹೋಯಿತು. ಷ್ವಾಸೆಲ್‌ನ ಕಾಲಕ್ಕಿಂತ ಅಷ್ಟು ಮುಂದೆ ಬಂದೆವು ಅನ್ನಬಹುದು.

ಇನ್ನೊಬ್ಬರು ನಮ್ಮವರೇ. 1930ರಲ್ಲಿ ಮಂಗಳೂರಿನಲ್ಲಿ, 1784ರಲ್ಲಿ ಘಟ್ಟ ಹತ್ತಿದ ಅದೇ ಕ್ರೈಸ್ತ ಸಮುದಾಯದಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. 1998ರಿಂದ 2004ರವರೆಗೆ, ಮಧ್ಯೆ ಕೆಲವು ತಿಂಗಳು ಬಿಟ್ಟು, ದೇಶದ ರಕ್ಷಣಾ ಮಂತ್ರಿ. ಅವರನ್ನು ದೇವರು ಮಾಡುವ ಆಸೆ ನನಗಿಲ್ಲ. ನೌಕಾಪಡೆಯ ಮುಖ್ಯಸ್ಥ ಭಾಗವತ್ ಅವರನ್ನು ವಜಾ ಮಾಡಿದ ರೀತಿ, ತೆಹೆಲ್ಕಾ, ಶವಪೆಟ್ಟಿಗೆಯ ಗಲಾಟೆ ಎಲ್ಲವೂ ಅವರ ಕಾಲದ್ದೇ. ಆದರೆ ಅವರು ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದರು. ಅಲ್ಲಿನ ಸೈನಿಕರಿಗೆ ಬೇಕಾದ ಹಿಮವಾಹನಗಳ ಕಡತ ದಿಲ್ಲಿಯಲ್ಲಿ ಕೊಳೆಯುತ್ತಿದೆ ಅಂತ ಗೊತ್ತಾದಾಗ, ಆ ಕಡತದ ಮೇಲೆ ಕೂತಿದ್ದ ಅಧಿಕಾರಿಗಳಿಗೆ "ನೀವೇ ಸಿಯಾಚಿನ್‌ಗೆ ಹೋಗಿ ನೋಡಿ ಬನ್ನಿ" ಅನ್ನುವ ಅರ್ಥದ ಆದೇಶ ಹೊರಡಿಸಿದರು. ಕಡತ ಆಮೇಲೆ ಓಡಿತು! ವರ್ಸೈಲ್ಸ್‌ನ ನಾಲ್ಕು ಇಲಾಖೆಯ ಗುಮಾಸ್ತರನ್ನು ಒಂದು ಜುಲೈ ತಿಂಗಳು ಮಂಗಳೂರಿನ ಆ ಕಂದಕದಲ್ಲಿ ಕಾಸಿನ್ಯಿಯ ಪಕ್ಕ ನಿಲ್ಲಿಸಿದ್ದರೆ ಹೇಗಿರುತ್ತಿತ್ತು ಅಂತ ಯೋಚಿಸಿ ನಾನು ಒಬ್ಬನೇ ನಕ್ಕಿದ್ದೇನೆ.

ಇದನ್ನೆಲ್ಲ ಬರೆದು ಮೊದಲು ಭಾವನವರಿಗೇ ಕಳಿಸಿದೆ. ಎರಡು ನೀಲಿ ಗೆರೆ ಬಂದು ಅರ್ಧ ದಿನ ಸುದ್ದಿಯಿಲ್ಲ. ಸಂಜೆ ಉತ್ತರ ಬಂತು: "ಇಷ್ಟುದ್ದ ಓದ್ಲಿಕ್ಕೆ ಯಾರಿಗೆ ಪುರುಸೊತ್ತುಂಟು ಮಾರಾಯ. ಫ್ರೆಂಚರದ್ದು ಮೋಸವೇ. ಮುಂದಿನ ಸಲ ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋಗುವ, ಅದು ನಕ್ಷತ್ರದ ಹಾಗೆ ಉಂಟಲ್ಲ, ಅಲ್ಲಿ ಮಾತಾಡುವ."

ಹತ್ತು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "ಆ ಹೊಸ್ಪೆಟ್ ಇಗರ್ಜಿ ಎಲ್ಲಿ ಬರ್ತದೆ? ನಿನ್ನ ದೋಸ್ತಿಗೆ ಗೊತ್ತಿದ್ರೆ ಅವನನ್ನೂ ಕರಿ."